ಮುಂದಿನ ಸೀಟಿನ ಸರದಿ

ದೊಡ್ಡವ್ವ ಸೀರೆಯ ಮೇಲೆ ತೊಡುತ್ತಿದ್ದ ಗಂಡಸರ ತುಂಬುತೋಳಿನ ಅಂಗಿಯಲ್ಲಿ ಒಂದೇ ಬಣ್ಣದ ಎರಡು ಗುಂಡಿಗಳಿರಲಿಲ್ಲ. ಮೇಲಿನದು ಬಿಳಿ, ಅದರ ಕೆಳಗಿನದು ಯಾವುದೋ ಶಾಲೆಯ ಸಮವಸ್ತ್ರದಿಂದ ಬಂದ ನೀಲಿ, ಅದಕ್ಕೂ ಕೆಳಗೆ ಮಗುವಿನ ಸ್ವೆಟರಿನದೊಂದು ಹಳದಿ ಹೂವಿನ ಗುಂಡಿ. ಏಲಕ್ಕಿ ಗಿಡಗಳ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನುಸುಳುವಾಗ ಗುಂಡಿ ಕಿತ್ತುಹೋಗುತ್ತಿತ್ತು. ಮರುದಿನ ಯಾರಾದರೊಬ್ಬಳು ಮನೆಯಿಂದ ಕೈಗೆ ಸಿಕ್ಕ ಗುಂಡಿಯನ್ನೂ ಸೂಜಿದಾರವನ್ನೂ ತಂದು ಓಡುವ ಜೀಪಿನಲ್ಲೇ ಹೊಲಿಯುತ್ತಿದ್ದಳು. ದೊಡ್ಡವ್ವ ಗದ್ದ ಮೇಲೆತ್ತಿ, ಕಣ್ಣು ಮುಚ್ಚಿ, ಕ್ಷೌರಕ್ಕೆ ಕೂತ ಗಂಡಸಿನ ಹಾಗೆ ಅಲುಗದೆ ಕೂರುತ್ತಿದ್ದರು. ಜೀಪು ಹಳ್ಳಕ್ಕೆ ಬಿದ್ದು ಎಗರಿದರೆ ಮಾತ್ರ, "ಎದೆಗೇ ಒಲಿದುಬುಟ್ಯಾ ಕಣ್ಣು?" ಎಂದು ಕೇಳುತ್ತಿದ್ದರು. ಅವರ ಮಾತಿಗೆ ಹಕಾರವಿಲ್ಲ, ಹೊಲಿಯುವುದು ಒಲಿಯುವುದೇ; ಕಣ್ಣು ಎಂದರೆ ಕಂದಾ ಎಂದಂತೆ.

ಅವರು ನನ್ನ ಗಂಡನ ದೊಡ್ಡಪ್ಪನ ಹೆಂಡತಿ. ಹುಟ್ಟಿದ್ದು ತಮಿಳುನಾಡಿನ ಕೊಂಬೈಯಲ್ಲಿ, ಮದುವೆಯಾಗಿ ಬಂದದ್ದು ಅಲ್ಲೇ, ಬೋಡಿ ಎಂದು ಕರೆಯುವ ಬೋಡಿನಾಯಕನೂರಿಗೆ ಹತ್ತಿರದ ನಮ್ಮ ಹಳ್ಳಿಗೆ. ಮನೆಯವರಿಗೆ ಅವರು ದೊಡ್ಡವ್ವ. ದಿನಾ ಬೆಳಗ್ಗೆ ಜೀಪಿನಲ್ಲಿ ಘಟ್ಟ ಹತ್ತಿ ಕೇರಳದ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವ ನಮ್ಮ ಬೀದಿಯ ಹೆಂಗಸರಿಗೂ, ಮನೆಯಲ್ಲಿ ಕನ್ನಡ ಆಡುವವರಿರಲಿ, ತಮಿಳು ಆಡುವವರಿರಲಿ, ಅವರು ದೊಡ್ಡವ್ವನೇ.

ನಾನು ಕೊಳ್ಳೇಗಾಲದ ಕಡೆಯವಳು. ನನ್ನ ಗಂಡ ಬಾಳೆಗೊನೆಯ ಲಾರಿಯ ಜೊತೆ ನಮ್ಮೂರಿನ ಮಂಡಿಗೆ ಬರುತ್ತಿದ್ದ. ತಮಿಳುನಾಡಿನಿಂದ ಬಂದ ಹುಡುಗ ಕನ್ನಡ ಆಡುತ್ತಾನೆ, ಅದೂ ತಲೆಮಾರುಗಳಿಂದ ಮನೆಯಲ್ಲಿ ಆಡಿಕೊಂಡು ಬಂದ ಕನ್ನಡ ಎಂದು ತಿಳಿದಾಗ ನಮ್ಮಪ್ಪನಿಗೆ ಆಶ್ಚರ್ಯ. ಆಶ್ಚರ್ಯಪಟ್ಟು ಊಟಕ್ಕೆ ಕರೆದರು. ಊಟ ನೆಂಟಸ್ತಿಕೆಗೆ ತಿರುಗಿತು. ಭಾಷೆಯೊಂದು ಸಿಕ್ಕಿದರೆ ಮಗಳು ಎಲ್ಲಿದ್ದರೂ ಬದುಕುತ್ತಾಳೆ ಎಂದು ಅಪ್ಪ ನಂಬಿದ್ದರು. ಆದರೆ ಆ ಕನ್ನಡ ನನ್ನ ಕನ್ನಡವಾಗಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಬೆಳಗ್ಗೆ, ದೇವಸ್ಥಾನಕ್ಕೆ ಹೊರಟು ನಿಂತಿದ್ದಾಗ, ದೊಡ್ಡವ್ವ ಬಾಗಿಲಿಗೆ ಬಂದು "ನೇರ ಆಯ್ತು, ನೇರ ಆಯ್ತು" ಎಂದರು. ನನ್ನ ಸೀರೆಯ ನೆರಿಗೆ ನೆಟ್ಟಗಾಯಿತು ಎನ್ನುತ್ತಿದ್ದಾರೆಂದು ತಿಳಿದು ನಾನು ನಾಚಿಕೊಂಡು ನಕ್ಕೆ. ಹೊತ್ತಾಯಿತು ಎಂದು ಅವರು ಹೇಳುತ್ತಿದ್ದರು. ನನ್ನ ನಗು ನೋಡಿ ಅವರಿಗೆ ರೇಗಿತು. ಕಾರಣ ತಿಳಿದ ಮೇಲೆ ಬೀದಿಗೆಲ್ಲ ಹೇಳಿಕೊಂಡು ನಕ್ಕರು. ಎಷ್ಟೋ ಕಾಲ ನನ್ನನ್ನು ಕಂಡವರೆಲ್ಲ "ಸೀರೆ ನೇರ ಆಯ್ತಾ?" ಎಂದೇ ಕೇಳುತ್ತಿದ್ದರು.

ಮಗಳು ಹುಟ್ಟಿ ಅವಳಿನ್ನೂ ಅಂಬೆಗಾಲಿಡುತ್ತಿದ್ದಾಗ ನನ್ನ ಗಂಡ ತೆಂಗಿನ ಮರದಿಂದ ಬಿದ್ದ. ಸೊಂಟ ಮುರಿಯಿತು. ಆಸ್ಪತ್ರೆಯಿಂದ ಮನೆಗೆ ಬಂದರೂ ಮಂಚದಿಂದ ಏಳುವಂತಿರಲಿಲ್ಲ. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಳುತ್ತಿದ್ದೆ. ತವರಿಗೆ ಹೋಗಿಬಿಡಬೇಕೆಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಒಂದು ಸಂಜೆ ದೊಡ್ಡವ್ವ ಬಂದು ನನ್ನ ಪಕ್ಕದಲ್ಲೇ ಕೂತರು. ಸಮಾಧಾನದ ಮಾತೇನೂ ಆಡಲಿಲ್ಲ. ತಮ್ಮ ಹಳೆಯ ಅಂಗಿಯೊಂದನ್ನು ನನ್ನ ತೊಡೆಯ ಮೇಲಿಟ್ಟು ಹೇಳಿದರು:

"ನಾಳೆಯಿಂದ ಮಲೆಗೆ ಬಾ. ಮಗೂನ ನನ್ ಮಗಳು ನೋಡ್ಕತಾಳೆ. ಇವನಿಗೆ ಊಟ ಎದುರುಮನೆಯವರು ಕೊಡ್ತಾರೆ, ನಾ ಕೇಳಿವ್ನಿ."

"ನಂಗೆ ಆ ಕೆಲಸ ಬರಲ್ಲ ದೊಡ್ಡವ್ವಾ."

"ಕೆಲ್ಸ ವೇಲೆ ಯಾರಿಗೂ ಒಟ್ಟೇಲಿದ್ದಾಗ್ಲೇ ಬರಲ್ಲ. ಕೂತ್ರೆ ಬತ್ತದೆ."

ಹಾಗೆ ನಾನು ಜೀಪು ಹತ್ತಿದೆ.

ಏಲಕ್ಕಿ ಬಿಡುವುದು ಗಿಡದ ನೆತ್ತಿಯಲ್ಲಲ್ಲ, ಬುಡದಲ್ಲಿ, ನೆಲಕ್ಕೆ ಹಬ್ಬಿದ ಗೊಂಚಲುಗಳಲ್ಲಿ. ಆಳೆತ್ತರದ ಎಲೆಗಳ ಕೆಳಗೆ ಒದ್ದೆ ನೆಲದಲ್ಲಿ ಕೂತು, ಬಲಿತ ಕಾಯನ್ನಷ್ಟೇ ಬೆರಳ ತುದಿಯಿಂದ ನೋಡಿ ಕೀಳಬೇಕು. ಮೊದಲ ವಾರ ನನ್ನ ಬೆರಳು ಸೀಳಿತು, ಮಂಡಿ ಮಡಚಲಾಗಲಿಲ್ಲ, ಜಿಗಣೆ ಕಂಡರೆ ಕಿರುಚುತ್ತಿದ್ದೆ. ಆದರೂ ಸಂಜೆ ತೂಕಕ್ಕೆ ಇಟ್ಟಾಗ ನನ್ನ ಚೀಲ ಎಲ್ಲರ ಚೀಲದಷ್ಟೇ ತುಂಬಿರುತ್ತಿತ್ತು. ನನಗೇ ಹೆಮ್ಮೆ. ಆಮೇಲೊಂದು ದಿನ ತಿರುಗಿ ನೋಡಿದಾಗ ಕಂಡಿತು: ನನ್ನ ಹಿಂದೆ ಹಾದು ಹೋಗುವವರು ತಮ್ಮ ಚೀಲದಿಂದ ಒಂದೊಂದು ಹಿಡಿ ತೆಗೆದು, ನನ್ನ ಸೊಂಟದ ಚೀಲಕ್ಕೆ ಹಾಕಿ, ಏನೂ ಆಗದವರಂತೆ ಮುಂದೆ ಹೋಗುತ್ತಿದ್ದರು. ಬಸುರಿಗೆ, ಜ್ವರ ಬಂದವಳಿಗೆ, ಹೊಸಬಳಿಗೆ ಹೀಗೆ ಹಾಕುವುದು ಅಲ್ಲಿ ವಾಡಿಕೆ. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ನಾನು ಮಾತಾಡಲು ಹೋದಾಗ ದೊಡ್ಡವ್ವ ಕಣ್ಣಲ್ಲೇ ಗದರಿದರು.

ಆಳುಗಳನ್ನು ಊರಿನಿಂದ ಕರೆದುಕೊಂಡು ಹೋಗುವವರಿಗೆ ಅಲ್ಲಿ ಕಂಗಾಣಿ ಎನ್ನುತ್ತಾರೆ. ಕಂಗಾಣಿಗೆ ಡ್ರೈವರನ ಪಕ್ಕದ ಸೀಟು. ಉಳಿದವರು ಹಿಂದೆ ಒಬ್ಬರ ಮೇಲೊಬ್ಬರು. ಯಾರಿಗೆ ಯಾವ ಸಾಲು, ಊಟಕ್ಕೆ ಯಾವಾಗ ಏಳಬೇಕು, ಮಳೆ ಜೋರಾದರೆ ನಿಲ್ಲಿಸಬೇಕೇ ಬೇಡವೇ, ತೋಟದ ಸೂಪರ್‌ವೈಸರನ ಹತ್ತಿರ ಏನು ಹೇಳಬೇಕು, ಎಲ್ಲ ಕಂಗಾಣಿಯ ಬಾಯಲ್ಲಿ. ನಮ್ಮ ಜೀಪಿನ ಹಳೆಯ ಕಂಗಾಣಿ ಬೇರೆ ಊರಿಗೆ ಹೋದಾಗ ಸೂಪರ್‌ವೈಸರ್ ದೊಡ್ಡವ್ವನಿಗೆ ಆ ಜಾಗ ಕೊಟ್ಟಿದ್ದ. ಅವರು ಆಗಲಿ ಎಂದರು. ಮರುದಿನ ಬೆಳಗ್ಗೆ ಜೀಪು ಬಂದಾಗ ಮುಂದಿನ ಬಾಗಿಲು ತೆಗೆದು, ಸೆಲ್ವಿ ಎಂಬುವಳನ್ನು ಒಳಗೆ ತಳ್ಳಿ, ತಾವು ಹಿಂದೆ ಹತ್ತಿಕೊಂಡರಂತೆ. ಅದರ ಮರುದಿನ ಇನ್ನೊಬ್ಬಳನ್ನು. ಮುಂದೆ ಕೂತವಳದ್ದೇ ಆ ದಿನದ ಮಾತು. ದೊಡ್ಡವ್ವನೂ ಸೇರಿ ಎಲ್ಲರೂ ಕೇಳಬೇಕು. ನಾನು ಬರುವ ಹೊತ್ತಿಗೆ ಇದು ಹಳೆಯ ರೂಢಿಯಾಗಿತ್ತು.

ಸೂಪರ್‌ವೈಸರನಿಗೆ ಇದು ಹಿಡಿಸಿರಲಿಲ್ಲ. "ದಿನಕ್ಕೊಬ್ಬರು ಬಂದರೆ ನಾನು ಯಾರ ಹತ್ತಿರ ಮಾತಾಡಲಿ?" ಎಂದು ಅವನು ತಮಿಳಿನಲ್ಲಿ ಕೇಳಿದ್ದಕ್ಕೆ ದೊಡ್ಡವ್ವ, "ಯಾರು ಮುಂದೆ ಕೂತು ಬಂದವರೋ ಅವರ ಹತ್ತಿರ" ಎಂದು ತಮಿಳಿನಲ್ಲೇ ಹೇಳಿ ತಮ್ಮ ಸಾಲಿಗೆ ಹೋಗಿ ಕೂತರಂತೆ.

ಬಾಯಿ ಮುಚ್ಚಿಕೊಂಡಿರುವುದು ಅವರ ಸ್ವಭಾವವಲ್ಲ. ಮುಂಗೋಪ ಬಹಳ. ಕೊಂಬೈಯ ಬಗ್ಗೆ ಯಾರಾದರೂ ಒಂದು ಮಾತು ಹಗುರವಾಗಿ ಆಡಿದರೆ ಅರ್ಧ ದಿನ ಮುಖ ತಿರುಗಿಸಿ ಕೂರುತ್ತಿದ್ದರು. ಎಲೆಯಡಿಕೆಯ ಚೀಲಕ್ಕೆ ಯಾರಾದರೂ ಕೇಳದೆ ಕೈಹಾಕಿದರೆ ಕೈಮೇಲೆ ಪಟ್ಟನೆ ಹೊಡೆಯುತ್ತಿದ್ದರು. ಹೀಗಿರುವವರು, ಮುಂದೆ ಕೂತವಳು ಕಣ್ಣೆದುರೇ ತಪ್ಪು ಮಾಡುತ್ತಿದ್ದರೆ ಏನು ಮಾಡುತ್ತಿದ್ದರು? ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚುತ್ತಿದ್ದರು. ಅವರ ಕೆಲಸದ ಸೀರೆಗಳ ಸೆರಗಿನ ತುದಿಗೆಲ್ಲ ಹಲ್ಲಿನ ತೂತುಗಳು.

ಊಟದ ಮೇಲೆ ಆಸೆಯಿದ್ದ ಒಬ್ಬಳು ತನ್ನ ಸರದಿಯ ದಿನ ಬಿಸಿಲೇರುವ ಮೊದಲೇ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದಳು. ದೊಡ್ಡವ್ವ ಸೆರಗು ಕಚ್ಚಿದರು, ಆಮೇಲೆ ಡಬ್ಬಿ ತೆಗೆದು ಉಂಡರು. ಮಧ್ಯಾಹ್ನವಾಗುತ್ತಲೇ ಎಲ್ಲರಿಗೂ ಹಸಿವು. ಅವಳಿಗೆ ಎಲ್ಲರಿಗಿಂತ ಹೆಚ್ಚು. ಮುಂದೆಂದೂ ಅವಳು ಬೇಗ ಎಬ್ಬಿಸಲಿಲ್ಲ. ಜೋರಿನ ಇನ್ನೊಬ್ಬಳು ದೊಡ್ಡವ್ವನಿಗೇ ಕಡಿದಾದ, ಜಿಗಣೆ ತುಂಬಿದ ಸಾಲು ಕೊಟ್ಟಳು. ಸಂಜೆ ಅವರು ಕಣಕಾಲಿನಲ್ಲಿ ರಕ್ತ ಸೋರಿಸಿಕೊಂಡು ಇಳಿದು ಬಂದು, "ಕಾಯಿ ಚೆನ್ನಾಗವೆ ಅಲ್ಲಿ" ಎಂದಷ್ಟೇ ಹೇಳಿದರು. ಆ ಹೆಂಗಸು ತನ್ನ ಮುಂದಿನ ಸರದಿಯಲ್ಲಿ ಯಾರಿಗೂ ಹೇಳದೆ ತಾನೇ ಆ ಸಾಲಿಗೆ ಹೋದಳು.

ಕಾಮಾಕ್ಷಿಯ ಸರದಿ ಬಂದಾಗಲಂತೂ ನೋಡಲಾಗುತ್ತಿರಲಿಲ್ಲ. ಅವಳು ನಾಲ್ಕು ಜನರೆದುರು ತನ್ನ ಹೆಸರು ಹೇಳಲೂ ಹೆದರುವವಳು. ಒಂದು ಸಲ ಮುಂದಿನ ಸೀಟಿನಲ್ಲಿ ಕೂತು, ಘಟ್ಟದ ನೆತ್ತಿಯಲ್ಲಿ ಕೇರಳದ ಗಡಿಯಾದ ಬೋಡಿಮೆಟ್ಟಿನ ಚೆಕ್‌ಪೋಸ್ಟ್ ತಲುಪುವವರೆಗೂ ಸದ್ದಿಲ್ಲದೆ ಅತ್ತಳು. ತೋಟದಲ್ಲಿ ಸಾಲು ಹಂಚುವಾಗ ಗಂಟಲಿನಿಂದ ದನಿಯೇ ಹೊರಡಲಿಲ್ಲ, ಬೆರಳು ತೋರಿಸಿದಳು. ಯಾರೋ ಕಿಸಕ್ಕೆಂದರು. ದೊಡ್ಡವ್ವ ತಿರುಗಿ, "ಬೆರಳು ಆಡ್ತಾ ಅದೆ ಅಲ್ವಾ? ಅದನ್ನ ನೋಡಿ" ಎಂದರು. ಆ ದಿನವಿಡೀ ನಾವು ಕಾಮಾಕ್ಷಿಯ ಬೆರಳು ನೋಡಿಕೊಂಡೇ ಕೆಲಸ ಮಾಡಿದೆವು.

ನನ್ನ ಸರದಿ ಹತ್ತಿರ ಬಂದಾಗ ನಾನು ತಪ್ಪಿಸಿಕೊಳ್ಳಲು ನೋಡಿದೆ. "ನಂಗೆ ತಮಿಳು ಸರಿಯಾಗಿ ಬರಲ್ಲ, ಸೂಪರ್‌ವೈಸರ್ ಹತ್ರ ಹೇಗೆ ಮಾತಾಡಲಿ?" ಎಂದೆ.

"ಬುದ್ಧಿ ನಿಂದು. ಬಾಯಿ ನಾವ್ ಕೊಡ್ತೀವಿ" ಎಂದು ದೊಡ್ಡವ್ವ ಸೆಲ್ವಿಯ ಕಡೆ ನೋಡಿದರು. ಸೆಲ್ವಿ ತಮಿಳರವಳು, ನಮ್ಮ ಬೀದಿಯಲ್ಲೇ ಬೆಳೆದು ನಮ್ಮ ಮಾತು ಕಲಿತವಳು. ಅವಳು ಬಾಯಿ ತೆರೆದರೆ ಸಂತೆಯಲ್ಲಿ ಅಂಗಡಿಯವರು ದರ ಇಳಿಸುತ್ತಿದ್ದರು. ಅಂದಿನಿಂದ ನನ್ನ ಸರದಿಯ ದಿನಗಳಲ್ಲಿ ನಾನು ಮೆಲ್ಲಗೆ ಕನ್ನಡದಲ್ಲಿ ಹೇಳುವುದು, ಸೆಲ್ವಿ ಅದನ್ನು ಎರಡರಷ್ಟು ಜೋರಾಗಿ ತಮಿಳಿನಲ್ಲಿ ಹೇಳುವುದು. ನಾನು ಹೇಳದೇ ಇದ್ದದ್ದನ್ನೂ ಒಂದಿಷ್ಟು ಸೇರಿಸುತ್ತಿದ್ದಳೆಂದು ತಮಿಳು ಕಲಿತ ಮೇಲೆ ಗೊತ್ತಾಯಿತು.

ಮುಂದಿನ ಸೀಟನ್ನು ಯಾಕೆ ಹೀಗೆ ಸರದಿಗೆ ಬಿಡುತ್ತೀರಿ ಎಂದು ದೊಡ್ಡವ್ವನನ್ನು ಒಮ್ಮೆ ಕೇಳಿದೆ. ಅವರ ಮನೆಯ ಜಗಲಿಯಲ್ಲಿ ಕೂತು ನನ್ನ ಸೀಳಿದ ಬೆರಳುಗಳಿಗೆ ಬೆಚ್ಚಗಿನ ಎಣ್ಣೆ ಹಚ್ಚುತ್ತಿದ್ದರು. ಹಚ್ಚುತ್ತಲೇ ಹೇಳಿದರು:

"ನಿನ್ ದೊಡ್ಮಾವ ಒಳ್ಳೆ ಮನುಸ. ನಂಗೆ ಕಷ್ಟ ಆಗಬಾರ್ದೂಂತ ಎಲ್ಲಾ ಅವರೇ ನೋಡ್ಕತಿದ್ರು. ತೋಟ, ಕರೆಂಟು, ಕೊಡೋದು, ತಕ್ಕಳೋದು, ಎಲ್ಲಾ. ನಾ ರಾಣಿ ಅಂಗಿದ್ದೆ. ಅವರು ಎದೆ ಇಡ್ಕಂಡು ಬಿದ್ದು ಓದ್ರು. ಕಾರ್ಯ ಎಲ್ಲಾ ಮುಗಿದು ಜನ ಓದ ಮ್ಯಾಲೆ ತೋಟಕ್ಕೋದೆ. ಬಾಳೆ ಎಲೆ ಎಲ್ಲಾ ಬಾಡಿ ತೂಗಾಡ್ತಾ ಅವೆ. ಬಾವೀಲಿ ನೀರದೆ. ಮೋಟಾರ್ ಅದೆ. ಕರೆಂಟೂ ಅದೆ. ಯಾವ್ದ ಒತ್ತಬೇಕು ಅಂತ ನಂಗೆ ತಿಳೀದು, ಕಣ್ಣು. ಅದರ ಮುಂದೆ ನಿಂತ್ಕಂಡು ಅಳ್ತಾ ಇದ್ದೆ. ಸಾವಿಗೂ ಅಷ್ಟು ಅತ್ತಿರಲಿಲ್ಲ."

ನನ್ನ ಇನ್ನೊಂದು ಕೈ ಎಳೆದುಕೊಂಡು ಎಣ್ಣೆ ಹಚ್ಚತೊಡಗಿದರು.

ಆಷಾಢದ ಒಂದು ದಿನ ನಡೆದದ್ದನ್ನು ಹೇಳದೆ ಅವರ ಮಾತು ಮುಗಿಸಲಾರೆ. ಆ ತಿಂಗಳನ್ನು ಅಲ್ಲಿ ಆಡಿ ಎನ್ನುತ್ತಾರೆ. ಕೆಳಗೆ ನಮ್ಮ ಬಯಲಿನಲ್ಲಿ ಬರೀ ಗಾಳಿ. ಮೇಲೆ ಮಲೆಯಲ್ಲಿ ಬಿಡದ ಮಳೆ. ಅಂದು ನನ್ನ ಸರದಿ. ದೊಡ್ಡವ್ವ ಬೆಳಗ್ಗೆಯಿಂದಲೇ ಮಂಕಾಗಿದ್ದರು. ಕೇಳಿದರೆ "ವಾಯು" ಎಂದರು. ಮಧ್ಯಾಹ್ನದ ನಂತರ ಮಳೆ ಜೋರಾದಾಗ ನಾನು ಕೆಲಸ ನಿಲ್ಲಿಸಿ ಎಲ್ಲರನ್ನೂ ಜೀಪಿಗೆ ಹತ್ತಿಸಿದೆ. ಚೆಕ್‌ಪೋಸ್ಟ್ ದಾಟಿ ಕೆಲವು ತಿರುವು ಇಳಿಯುವಷ್ಟರಲ್ಲಿ ಜೀಪು ನಿಂತಿತು. ಮುಂದೆ ಗುಡ್ಡ ಜರಿದು, ಮಣ್ಣೂ ಒಂದು ಮರವೂ ರಸ್ತೆಗೆ ಅಡ್ಡ ಬಿದ್ದಿದ್ದವು. ಕೆಳಗಿನಿಂದ ಜೆಸಿಬಿ ಬರಬೇಕು ಎಂದರು. ನೋಡುತ್ತಿದ್ದಂತೆ ನಮ್ಮ ಹಿಂದೆಯೂ ವಾಹನಗಳು ಬಂದು ಸಾಲಾಗಿ ನಿಂತವು.

"ಬಾಮ್ಮಾ ಇಲ್ಲಿ" ಎಂದು ಹಿಂದಿನಿಂದ ಸೆಲ್ವಿ ಕರೆದಳು. ಇಳಿದು ಹಿಂದೆ ಹೋದೆ. ದೊಡ್ಡವ್ವ ಕಾಮಾಕ್ಷಿಯ ಭುಜಕ್ಕೆ ಒರಗಿದ್ದರು. ಆ ಚಳಿಯಲ್ಲೂ ಹಣೆಯಿಂದ ಬೆವರು ಇಳಿಯುತ್ತಿತ್ತು. ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು, ಮಗುವಿನ ಹಾಗೆ ಎದೆಗೆ ಅವುಚಿಕೊಂಡಿದ್ದರು.

"ಕೈ ಬಾರ" ಎಂದರು.

ಡ್ರೈವರ್, "ಮಣ್ಣು ತೆಗೆದುಬಿಡ್ತಾರೆ, ಕಾಯೋಣ, ಬೋಡಿ ಆಸ್ಪತ್ರೆಗೇ ಹೋಗೋಣ" ಎಂದ. ದೊಡ್ಡವ್ವನೂ ಹಾಗೇ ಹೇಳಿದರು: "ಕಾಯೋಣ. ಮನೆ ಕಡೇನೇ ಓಗೋಣ. ಮ್ಯಾಲಕ್ಕೆ ಬ್ಯಾಡ." ಅವರು ಹೇಳಿದ ಮೇಲೆ ಎಲ್ಲರೂ ಕಾಯಲು ಕೂತರು.

ನಾನು ಎಲ್ಲರನ್ನೂ ಕೇಳಿದೆ: "ಮೇಲೆ ಹತ್ತಿರದಲ್ಲಿ ಆಸ್ಪತ್ರೆ ಎಲ್ಲಿದೆ, ಯಾರಿಗಾದರೂ ಗೊತ್ತಾ?" ಊಟದಾಸೆಯವಳು ಹೇಳಿದಳು, ತನ್ನ ತಂಗಿಯ ಹೆರಿಗೆ ಆಗಿದ್ದು ಚೆಕ್‌ಪೋಸ್ಟಿನಿಂದಾಚೆಯ ಪೇಟೆಯ ಆಸ್ಪತ್ರೆಯಲ್ಲಿ, ದೂರವಿಲ್ಲ. "ಜೀಪು ಎಲ್ಲಿ ತಿರುಗಿಸಬಹುದು?" ಡ್ರೈವರ್ ಹೇಳಿದ, ಹಿಂದಿನ ತಿರುವಿನಲ್ಲಿ ಜಾಗವಿದೆ, ಆದರೆ ಇಷ್ಟು ವಾಹನಗಳು ಹಿಂದೆ ನಿಂತಿವೆಯಲ್ಲ? ಎಲ್ಲರೂ ಮತ್ತೆ ದೊಡ್ಡವ್ವನ ಮುಖ ನೋಡಿದರು. ನಾನೂ ನೋಡಿದೆ. ಬೇರೆ ರಾಜ್ಯದ ಯಾವುದೋ ಪೇಟೆಗೆ ಕರೆದೊಯ್ದು, ಅಲ್ಲೇನಾದರೂ ಆಗಿಹೋದರೆ ಅವರ ಮಗಳಿಗೆ ಏನು ಹೇಳಲಿ ಎಂಬ ಯೋಚನೆ ಬಂತು.

"ದೊಡ್ಡವ್ವಾ, ಮೇಲಕ್ಕೇ ಹೋಗೋಣ" ಎಂದೆ.

"ಬ್ಯಾಡ ಅಂದೆ ಅಲ್ಲ?"

"ಇವತ್ತು ಮುಂದೆ ಕೂತಿರೋಳು ನಾನು."

ಅವರು ನನ್ನನ್ನೇ ದಿಟ್ಟಿಸಿದರು. ರೇಗುತ್ತಾರೆಂದು ನಾನು ಕಾದೆ. ಅವರು ನಿಧಾನವಾಗಿ ಸೆರಗಿನ ತುದಿ ಹುಡುಕಿ, ಬಾಯಿಗೆ ಇಟ್ಟುಕೊಂಡು ಕಚ್ಚಿದರು.

ಮುಂದಿನದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಕಾಮಾಕ್ಷಿಯನ್ನು ಅವರ ಹತ್ತಿರ ಬಿಟ್ಟು ಉಳಿದವರೆಲ್ಲ ಇಳಿದೆವು. ತಲೆಗೆ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು, ಒಂದೊಂದು ವಾಹನದ ಪಕ್ಕಕ್ಕೆ ಒಬ್ಬೊಬ್ಬಳು ನಿಂತಳು. ಎಲ್ಲಕ್ಕಿಂತ ಹಿಂದೆ ಲಾರಿಯೊಂದಿತ್ತು. ಸೆಲ್ವಿ ಅದರ ಬಾಗಿಲಿಗೆ ಬಡಿದು, ಅಣ್ಣಾ ಸ್ವಲ್ಪ ಹಿಂದಕ್ಕೆ ಹೋಗಿ ಎಂದು ಬೇಡುತ್ತ ಶುರುಮಾಡಿ, ಅವನು ಮಿಸುಕದಿದ್ದಾಗ, ನಿನ್ನ ಅಮ್ಮ ಒಳಗಿದ್ದರೆ ಹೀಗೆ ಕೂರುತ್ತಿದ್ದೆಯಾ ಎಂದು ತಮಿಳಿನಲ್ಲಿ ಕೂಗಿದಳು. ಲಾರಿ ಹಿಂದೆ ಸರಿಯಿತು. ಅದು ಸರಿದ ಮೇಲೆ ಅದರ ಮುಂದಿನ ವ್ಯಾನು, ಆಮೇಲೆ ಕಾರು. ಚಕ್ರ ರಸ್ತೆಯಂಚಿಗೆ ಬಂದರೆ ಅಲ್ಲಿ ನಿಂತವಳು "ಸಾಕು" ಎಂದು ಕೂಗುತ್ತಿದ್ದಳು. ಆ ಕೂಗು ಒಬ್ಬಳಿಂದ ಒಬ್ಬಳಿಗೆ ದಾಟಿ ನನ್ನ ತನಕ ಬರುತ್ತಿತ್ತು. ಮಂಜಿನಲ್ಲಿ ನನಗೆ ಕಾಣುತ್ತಿದ್ದುದು ಹತ್ತಿರದ ಒಬ್ಬಳು ಮಾತ್ರ. ಕೊನೆಗೆ ನಮ್ಮ ಜೀಪು ಹಿಂದಕ್ಕೆ ತೆವಳಿ, ತಿರುವಿನಲ್ಲಿ ಹೊರಳಿ, ಮೇಲಕ್ಕೆ ಮುಖ ಮಾಡಿ ನಿಂತಿತು.

ಆಸ್ಪತ್ರೆಯ ಡಾಕ್ಟರು ಹೃದಯದ ತೊಂದರೆ ಎಂದರು. ಕಾಯದೆ ಬಂದದ್ದು ಒಳ್ಳೆಯದಾಯಿತು ಎಂದರು. ರಸ್ತೆ ತೆರೆದದ್ದು ಮರುದಿನ. ಅಲ್ಲಿಯ ತನಕ ನಾವೆಲ್ಲ ಒದ್ದೆ ಸೀರೆಯಲ್ಲೇ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದೆವು. ಮರುದಿನ ನನ್ನನ್ನು ಒಳಗೆ ಬಿಟ್ಟಾಗ ದೊಡ್ಡವ್ವ ಮೆಲ್ಲಗೆ ಕೇಳಿದರು:

"ನಿಂಗೆ ಪಯ ಆಗ್ಲಿಲ್ವಾ?"

"ಆಯ್ತು ದೊಡ್ಡವ್ವಾ. ನಿಮ್ಮ ಮಗಳಿಗೆ ಏನು ಹೇಳಲಿ ಅಂತ."

"ನಂಗೂ ಅಂಗೇ ಆಗಿತ್ತು, ಕಂಗಾಣಿ ಆಗು ಅಂದ ದಿನ. ಇಷ್ಟು ಜನಾನ ಕರಕೊಂಡು ಓಗ್ಬೇಕು, ಏನಾರ ಆದ್ರೆ ಅಂತ. ಒಬ್ಬಳಿಗೇ ಯಾಕೆ ಅಷ್ಟೊಂದು ಪಯ? ಅದ್ಕೇ ಎಲ್ರಿಗೂ ಅಂಚ್ಬುಟ್ಟೆ."

ಹಂಚಿದ್ದು ಅಧಿಕಾರ ಎಂದು ನಾನು ತಿಳಿದಿದ್ದೆ. ಅವರು ಭಯ ಎಂದರು. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ.

ಅಲ್ಲಿಂದಾಚೆಗೆ ಅವರು ಮಲೆ ಹತ್ತಲಿಲ್ಲ. ಜಗಲಿಯೇ ಅವರ ಜಾಗವಾಯಿತು. ಜೀಪು ಹೋಗುವಾಗ ಒಳಗಿದ್ದುಬಿಡುತ್ತಿದ್ದರು. ನೋಡಿದರೆ ಆಸೆಯಾಗುತ್ತದೆ ಎನ್ನುತ್ತಿದ್ದರು. ಸಂಜೆ ಮಾತ್ರ ನಾವು ಇಳಿಯುವುದನ್ನೇ ಕಾದಿದ್ದು, ಏನೇನಾಯಿತು ಎಂದು ಕೇಳುತ್ತಿದ್ದರು. ಯಾರು ಯಾವ ಸಾಲಿನಲ್ಲಿದ್ದರು, ಸೂಪರ್‌ವೈಸರ್ ಏನೆಂದ, ಮಳೆಗೆ ನಿಲ್ಲಿಸಿದಿರಾ, ಎಲ್ಲ ಬೇಕು. ಆದರೆ ಹೀಗೆ ಮಾಡಬೇಕಿತ್ತು ಎಂದು ಒಮ್ಮೆಯೂ ಹೇಳಲಿಲ್ಲ. ಜಗಳವಾದ ಒಂದು ದಿನ ನಾನೇ ಕೇಳಿದೆ: "ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ನಾ ಅಲ್ಲಿರ್ಲಿಲ್ವಲ್ಲ" ಎಂದರು.

ಆ ದಿನಗಳಲ್ಲೇ ಒಮ್ಮೆ ನಾನು ತವರಿನಿಂದ ತಂದ ವಾರಪತ್ರಿಕೆ ಓದುತ್ತ ಕೂತಿದ್ದೆ. ದೊಡ್ಡವ್ವ ಬಗ್ಗಿ ನೋಡಿ, "ಇದು ಯಾವ ಪಾಸೆ?" ಎಂದರು. ಕನ್ನಡ ಎಂದೆ. "ನಮ್ ಮಾತಾ? ನಮ್ ಮಾತಿಗೂ ಎಳುತ್ತು ಅದ್ಯಾ?" ಎಂದು ಕೇಳಿದ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಕ್ಷರ ತಮಿಳಿಗಷ್ಟೇ ಇರುವುದು, ತಮ್ಮದು ಮನೆಯೊಳಗಿನ ಮಾತು, ಅದನ್ನು ಬರೆಯಲಾಗದು ಎಂದು ಅವರು ಅಷ್ಟು ವಯಸ್ಸಿನ ತನಕ ನಂಬಿದ್ದರು. ಓದಿ ಹೇಳಿದೆ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. "ಅವರು ಸರಿಯಾಗಿ ಮಾತಾಡಾಕೆ ಕಲೀಬೇಕು" ಎಂದು ತೀರ್ಪು ಕೊಟ್ಟರು. ಆದರೂ ಪ್ರತಿ ಭಾನುವಾರ ಓದಿಸಿಕೊಂಡರು.

ನನ್ನ ಗಂಡ ಈ ನಡುವೆ ಎದ್ದು ಓಡಾಡುವಂತಾಗಿ ಉತ್ತಮಪಾಳಯಂನ ಬಾಳೆಮಂಡಿಯೊಂದರಲ್ಲಿ ಕೂತು ಮಾಡುವ ಕೆಲಸ ಹಿಡಿದ. ಮಗಳು ಶಾಲೆಗೆ ಹೋಗತೊಡಗಿದಳು. ನಾನು ಮಲೆಗೆ ಹೋಗುವುದನ್ನು ಬಿಡಲಿಲ್ಲ. ಬಿಡಬಹುದಿತ್ತು; ಮನಸ್ಸಾಗಲಿಲ್ಲ.

ದೊಡ್ಡವ್ವನಿಗೆ ಕೊನೆಕೊನೆಗೆ ಕೈ ಮೇಲೆತ್ತಲು ಆಗುತ್ತಿರಲಿಲ್ಲ. ರಜೆಯ ದಿನ ನಾನು ಹೋಗಿ ತಲೆ ಬಾಚುತ್ತಿದ್ದೆ. ಒಂದು ದಿನ ಹಿಂದೆ ಕೂತು ಬಾಚುತ್ತ, ಮುಖ ಕಾಣದ ಧೈರ್ಯದಲ್ಲಿ ಹೇಳಿದೆ: "ದೊಡ್ಡವ್ವಾ, ನೀವಿಲ್ಲದಿದ್ರೆ ನಾನು ಈ ಊರಲ್ಲಿ ನಿಲ್ತಾನೇ ಇರ್ಲಿಲ್ಲ."

"ತಿಳೀತದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಜಡೆ ಬಿಗಿಯಾಗಿ ಆಕು. ಓದ ಸಲ ಸಂಜೆಗೇ ಬಿಚ್ಚೋಯ್ತು" ಎಂದರು.

ಅವರು ಹೋದದ್ದು ಒಂದು ಹಗಲು, ನಾವು ಮಲೆಯಲ್ಲಿದ್ದಾಗ. ಅಂದು ಕಾಮಾಕ್ಷಿಯ ಸರದಿ. ಅವರ ಮಗಳು ಫೋನ್ ಮಾಡಿದ್ದು ಅವಳಿಗೆ. ಅವಳು ಕಿರುಚಲಿಲ್ಲ, ಯಾರನ್ನೂ ಕೂಗಲಿಲ್ಲ. ಡ್ರೈವರನಿಗೆ ಜೀಪು ಹತ್ತಿರ ತರಲು ಹೇಳಿದಳು. ಶೆಡ್ಡಿನಲ್ಲಿ ಒಲೆ ಹಚ್ಚಿಸಿ ಚಹಾಕ್ಕೆ ಇಡಿಸಿದಳು. ಆಮೇಲೆ ಸಾಲಿನಿಂದ ಸಾಲಿಗೆ ಒಬ್ಬಳೇ ಬಂದಳು. ನಾನು ಗಿಡದ ಬುಡದಲ್ಲಿ ಕೂತು ಕಾಯಿ ಕೀಳುತ್ತಿದ್ದೆ. ಹಿಂದಿನಿಂದ ಬಂದು ಪಕ್ಕದಲ್ಲಿ ಕುಕ್ಕರಿಸಿ, ನನ್ನ ಸೊಂಟದ ಚೀಲದ ಗಂಟು ಬಿಚ್ಚತೊಡಗಿದಳು. ತೂಕದ ಹೊತ್ತಿಗೆ ಮುಂಚೆ ಯಾರೂ ಚೀಲ ಬಿಚ್ಚುವುದಿಲ್ಲ. ಅವಳು ಗಂಟನ್ನು ಜೋಪಾನವಾಗಿ ಬಿಚ್ಚಿದಳು. ನನಗೆ ಆಗಲೇ ಗೊತ್ತಾಯಿತು.

"ಬಾ, ಎಲ್ರೂ ಸೇರೋಣ" ಎಂದು ಕೈಹಿಡಿದು ಎಬ್ಬಿಸಿದಳು.

ಹೀಗೆ ಒಬ್ಬೊಬ್ಬಳ ಚೀಲವನ್ನೂ ತಾನೇ ಬಿಚ್ಚಿ, ಎಲ್ಲರನ್ನೂ ಶೆಡ್ಡಿಗೆ ಕರೆತಂದು, ಕೂರಿಸಿ, ಕೈಗೆ ಚಹಾ ಕೊಟ್ಟ ಮೇಲೆ ಆ ಮಾತು ಹೇಳಿದಳು. ಸ್ಪಷ್ಟವಾಗಿ ಹೇಳಿದಳು. ಆಮೇಲೆ ಅವಳ ದನಿ ಮುರಿಯಿತು. ಅಷ್ಟರಲ್ಲಿ ಸೆಲ್ವಿ ಅವಳನ್ನು ಹಿಡಿದುಕೊಂಡಿದ್ದಳು.

ಇಳಿಯುವಾಗ ಬಿಸಿಲಿತ್ತು. ಕೆಳಗೆ ಬೋಡಿಯ ಬಯಲು ಕೊನೆಯವರೆಗೂ ಕಾಣುತ್ತಿತ್ತು. ಡ್ರೈವರ್ ನಿಧಾನವಾಗಿ ಓಡಿಸುತ್ತಿದ್ದ. ಒಂದೊಂದು ತಿರುವಿನಲ್ಲೂ ನಾವು ಒಬ್ಬರ ಮೇಲೊಬ್ಬರು ವಾಲುತ್ತಿದ್ದೆವು, ರಸ್ತೆ ನೆಟ್ಟಗಾದ ಮೇಲೂ ಯಾರೂ ಸರಿದು ಕೂರಲಿಲ್ಲ.